ಮಲಗದ ರಾಣಿ

ನಮ್ಮದು ಮೈಸೂರು. ದಸರಾ ಬಂತೆಂದರೆ ಟ್ರಂಕುಗಳ ಮೇಲೆ ಹಲಗೆ ಜೋಡಿಸಿ, ಮೇಲೆ ಅಜ್ಜನ ಬಿಳಿ ಪಂಚೆ ಹಾಸಿ ಗೊಂಬೆ ಕೂರಿಸುತ್ತಿದ್ದೆವು. ಮೇಲಿನ ಮೆಟ್ಟಿಲು ಅಜ್ಜಿ ಮದುವೆಯಲ್ಲಿ ತವರಿಂದ ತಂದ ಪಟ್ಟದ ಗೊಂಬೆಗಳದ್ದು, ಅಂದರೆ ರಾಜ-ರಾಣಿ ಜೋಡಿಯದ್ದು. ಕೆಳಗೆ ಶೆಟ್ಟಿ, ಶೆಟ್ಟಮ್ಮ, ಅವರ ಮುಂದೆ ಅಕ್ಕಿ ಬೇಳೆಯ ಅಂಗಡಿ. ಪಕ್ಕದಲ್ಲಿ ನನ್ನ ತಂಜಾವೂರು ರಾಣಿ. ಅಲ್ಲಿನ ದೊಡ್ಡ ದೇವಸ್ಥಾನಕ್ಕೆ ಹೋಗಿದ್ದ ಮಾವ ತಂದುಕೊಟ್ಟಿದ್ದು. ಯಾವ ಕಡೆ ತಳ್ಳಿದರೂ ಓಲಾಡಿಕೊಂಡು ಮತ್ತೆ ನೆಟ್ಟಗೆ ನಿಲ್ಲುತ್ತಿದ್ದಳು. ಒಂಬತ್ತು ದಿನವೂ ಮನೆಗೆ ಬಂದ ಮಕ್ಕಳೆಲ್ಲ ಬೊಂಬೆ ಬಾಗಿನದ ತಿಂಡಿ ತಗೊಂಡು, ಹೋಗುವ ಮುಂಚೆ ಅವಳ ತಲೆಗೊಂದು ಮೊಟಕಿ ಹೋಗುತ್ತಿದ್ದರು.

ನನಗಾಗ ಏಳು ವರ್ಷ. ವಿಜಯದಶಮಿ ರಾತ್ರಿ ಆರತಿ ಆದ ಮೇಲೆ ಅಜ್ಜಿ ಪಟ್ಟದ ಗೊಂಬೆಯನ್ನು ಮಲಗಿಸಿದರು. ಹಬ್ಬ ಮುಗಿಯಿತು, ಇನ್ನು ಗೊಂಬೆಗಳಿಗೆ ನಿದ್ದೆ ಅಂತ ಅದರ ಅರ್ಥ. ನಾನೂ ನನ್ನ ರಾಣಿಯನ್ನು ಮಲಗಿಸಿದೆ. ಎದ್ದು ನಿಂತಳು. ಮತ್ತೆ ಮಲಗಿಸಿದೆ, ಮತ್ತೆ ಎದ್ದಳು.

"ಅವಳಿಗೆ ನಿದ್ದೆ ಬರಲ್ಲ ಬಿಡೇ, ರಾತ್ರಿಯೆಲ್ಲ ನಿನ್ನೇ ನೋಡ್ತಾ ಇರ್ತಾಳೆ" ಅಂದ ಮಾವ. ತಮಾಷೆಗೇ ಅಂದಿದ್ದು, ಆದರೆ ಏಳು ವರ್ಷದ ಹುಡುಗಿಗೆ ಮಲಗುವ ಹೊತ್ತಲ್ಲಿ ಹೇಳುವ ಮಾತಾ ಅದು? ನಾನು ಅವಳನ್ನು ಅಡ್ಡ ಹಾಕಿ ಮೇಲೆ ಶೆಟ್ಟಿಯನ್ನು ಹೇರಿದೆ. ಶೆಟ್ಟಿ ಒಳ್ಳೇ ಭಾರದ ಮಣ್ಣಿನ ಗೊಂಬೆ. ಸುಮ್ನೆ ಬಿದ್ದುಕೊಂಡಳು.

ಊರಿಂದ ದಸರಾ ನೋಡಲು ಬಂದ ನೆಂಟರೆಲ್ಲ ಇದ್ದರಲ್ಲ, ನಾವು ಮಕ್ಕಳು ಗೊಂಬೆಗಳ ಎದುರೇ ಜಮಖಾನ ಹಾಸಿಕೊಂಡು ಮಲಗಿದ್ದೆವು. ನಡುರಾತ್ರಿ ಟಪ್ ಅಂತ ಏನೋ ಸದ್ದಾಗಿ ಎಚ್ಚರವಾಯಿತು. ನಂದಾದೀಪವೊಂದೇ ಉರಿಯುತ್ತಿತ್ತು. ಶೆಟ್ಟಿ ಅಂಗಾತ ಬಿದ್ದಿದ್ದ. ರಾಣಿ ಎದ್ದು ನಿಂತು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಲಾಡುತ್ತಿದ್ದಳು. ಹಿಂದಿನ ಗೋಡೆಯಲ್ಲಿ ಬೀರುವಿನಷ್ಟು ದೊಡ್ಡ ನೆರಳೂ ಓಲಾಡುತ್ತಿತ್ತು. ಮುಖದಲ್ಲಿ ಹಗಲಿನದೇ ನಗು. ಅದೇ ನನಗೆ ಜಾಸ್ತಿ ಹೆದರಿಕೆ ತಂದಿದ್ದು. ಕೂಗೋಣವೆಂದರೆ ಗಂಟಲೇ ಏಳಲಿಲ್ಲ. ಹೊದಿಕೆಯೊಳಗೆ ಸೇರಿಕೊಂಡು ಪಕ್ಕದಲ್ಲಿದ್ದ ಅಕ್ಕನ ಜಡೆ ಹಿಡಿದುಕೊಂಡೆ, ಬೆಳಗಾಗುವವರೆಗೂ ಬಿಡಲಿಲ್ಲ.

ಬೆಳಿಗ್ಗೆ ಮಾವ ಅವಳನ್ನು ತಲೆಕೆಳಗು ಮಾಡಿ ತೋರಿಸಿದ. ತಳ ದುಂಡಗೆ, ಭಾರವೆಲ್ಲ ಅಲ್ಲೇ, ಮೇಲೆ ಬರೀ ಟೊಳ್ಳು. ಶೆಟ್ಟಿ ಜಾರಿದ್ದಾನೆ, ಇವಳು ಎದ್ದಿದ್ದಾಳೆ, ಅಷ್ಟೇ. ಅರ್ಥವಾಯಿತು. ಆದರೂ ಮುಟ್ಟಲಿಲ್ಲ. ಮುಂದಿನ ವರ್ಷ ಟ್ರಂಕು ತೆಗೆಯುವಾಗ ನಾನು ಹಿತ್ತಲಲ್ಲಿದ್ದೆ.

ಈಗ ರಾಣಿ ನನ್ನ ಮನೆಯಲ್ಲೇ ಇದ್ದಾಳೆ. ಬಣ್ಣ ಅಲ್ಲಲ್ಲಿ ಎದ್ದಿದೆ. ಹಗಲಲ್ಲಿ ಮಗಳು ಅವಳ ತಲೆ ಮೊಟಕುತ್ತಾಳೆ, ನಾನೂ ನಗುತ್ತೇನೆ. ವಿಜಯದಶಮಿ ರಾತ್ರಿ ಮಾತ್ರ ಎಲ್ಲರಿಗಿಂತ ಮೊದಲು ಅವಳನ್ನು ಡಬ್ಬಿಗೆ ಹಾಕಿ, ಸುತ್ತಲೂ ಹಳೇ ಪಂಚೆ ತುರುಕಿ, ಮುಚ್ಚಳ ಬಿಗಿ ಮಾಡುತ್ತೇನೆ. ಯಾಕಮ್ಮ ಇಷ್ಟು ಬೇಗ ಅಂತ ಮಗಳು ಕೇಳುತ್ತಾಳೆ. ಧೂಳು ಕೂರುತ್ತೆ ಅಂತೀನಿ.