ದನಿಯನ್ನು ತಗಡಿನಂತೆ ಬಗ್ಗಿಸುವುದು

ಕರ್ನಾಟಕ ಸಂಗೀತದ ಪಾಠಕ್ಕೆ ಸೇರಿದರೆ ಶ್ರುತಿಪೆಟ್ಟಿಗೆಯ ಮುಂದೆ ಮೊದಲ ದಿನವೇ ಒಂದು ವಿಷಯ ತೀರ್ಮಾನವಾಗಿಬಿಡುತ್ತದೆ: ಗಂಡಸರಿಗೆ ಒಂದು ಮನೆ, ಹೆಂಗಸರಿಗೆ ಐದು ಮನೆ, ಅಥವಾ ಅದರ ಆಸುಪಾಸು. ಎರಡರ ನಡುವಿನ ದೂರ ಷಡ್ಜದಿಂದ ಪಂಚಮದಷ್ಟು, ಏಳು ಸ್ವರಸ್ಥಾನ. ಟ್ರಾನ್ಸ್ ವ್ಯಕ್ತಿಗಳು ಫೋನಿನಲ್ಲಿ, ಆಟೋದಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಅನುಭವಿಸುವ ಎಷ್ಟೋ ಮುಜುಗರ ಈ ಏಳು ಸ್ವರಸ್ಥಾನದೊಳಗೇ ಹುಟ್ಟುತ್ತದೆ. ಉಡುಪು ಏನೇ ಇರಲಿ, ಬಾಯಿ ತೆರೆದ ಕೂಡಲೇ ಎದುರಿನವರ ಮುಖ ಬದಲಾಗುತ್ತದೆ. ಕಾರ್ಖಾನೆಯಂಥ ಗದ್ದಲದ ಸದ್ದುಗಳಿಂದ ಕಟ್ಟುವ ಇಂಡಸ್ಟ್ರಿಯಲ್ ಸಂಗೀತದಲ್ಲಿ ಈ ಲೆಕ್ಕಾಚಾರಕ್ಕೆ ಜಾಗವೇ ಇಲ್ಲ. ಅಲ್ಲಿ ದನಿಯೂ ತಗಡು, ಸರಪಳಿ, ಮೋಟಾರುಗಳಂತೆ ಒಂದು ಕಚ್ಚಾ ವಸ್ತು. ಕೊಯ್ಯಬಹುದು, ಕಾಯಿಸಬಹುದು, ಬಗ್ಗಿಸಬಹುದು. ಟ್ರಾನ್ಸ್ ವ್ಯಕ್ತಿಗಳು ಮನೆಯಲ್ಲೇ ಇಂಥ ಹಾಡು ಕಟ್ಟುವ ಬಗೆ ಮುಂದಿದೆ.

ಈ ಸಂಗೀತಕ್ಕೆ ಹೆಸರು ಬಂದದ್ದು ಇಂಗ್ಲೆಂಡಿನಲ್ಲಿ. 1975ರಲ್ಲಿ ಹುಟ್ಟಿದ ಥ್ರಾಬಿಂಗ್ ಗ್ರಿಸಲ್ ತಂಡ ಮರುವರ್ಷವೇ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಸ್ವಂತ ಲೇಬಲ್ (ಧ್ವನಿಮುದ್ರಿಕೆ ಹೊರತರುವ ಸಂಸ್ಥೆ) ಕಟ್ಟಿತು. ಆ ತಂಡದಲ್ಲಿದ್ದ ಪೀಟರ್ ಕ್ರಿಸ್ಟೋಫರ್‌ಸನ್ ಮುಂದೆ ತಮ್ಮ ಸಂಗಾತಿ ಜಾನ್ ಬ್ಯಾಲೆನ್ಸ್ ಜತೆ ಕಾಯಿಲ್ ತಂಡವನ್ನು ನಡೆಸಿದರು. ಏಡ್ಸ್ ಹೆಸರೆತ್ತಲು ಜನ ಹೆದರುತ್ತಿದ್ದ 1985ರಲ್ಲೇ ಅವರು ಒಂದು ಸಿಂಗಲ್ ತಂದು, ಅದರ ಗಳಿಕೆಯನ್ನು ಏಡ್ಸ್ ಪೀಡಿತರಿಗೆ ನೆರವಾಗುವ ಟೆರೆನ್ಸ್ ಹಿಗಿನ್ಸ್ ಟ್ರಸ್ಟಿಗೆ ಕೊಟ್ಟರು. ಕ್ವಿಯರ್, ಅಂದರೆ ಲಿಂಗ ಮತ್ತು ಪ್ರೇಮದ ರೂಢಿಗೆ ಒಗ್ಗದ ಬದುಕು ಈ ಪ್ರಕಾರಕ್ಕೆ ಆಮೇಲೆ ಅಂಟಿಸಿದ್ದಲ್ಲ, ಬೇರಿನಲ್ಲೇ ಇದೆ. ಇತ್ತೀಚಿನ ವರ್ಷಗಳಲ್ಲಿ ಕೆನಡಾದ ಬ್ಲ್ಯಾಕ್ ಡ್ರೆಸಸ್ ಜೋಡಿ, ಜಾಂಬಿಯಾ ಮೂಲದ, ಮಾಂಟ್ರಿಯಲ್‌ನ ಬ್ಯಾಕ್ಸ್‌ವಾಷ್ ಇದೇ ದಾರಿಯಲ್ಲಿ ನಡೆದ ಟ್ರಾನ್ಸ್ ಕಲಾವಿದರು. ಬ್ಯಾಕ್ಸ್‌ವಾಷ್‌ಗೆ ಕೆನಡಾದ ಸಂಗೀತ ಪ್ರಶಸ್ತಿಯಾದ ಪೋಲಾರಿಸ್ 2020ರಲ್ಲಿ ಬಂತು. ಸ್ಕಾಟ್ಲೆಂಡಿನ ಟ್ರಾನ್ಸ್ ಕಲಾವಿದೆ ಸೋಫಿ ಲೋಹದ, ರಬ್ಬರಿನ ಸದ್ದುಗಳನ್ನು ಎಲ್ಲಿಂದಲೋ ಎತ್ತಿಕೊಳ್ಳದೆ ಸಿಂಥಸೈಜರಿನಲ್ಲಿ ತಾವೇ ಕಟ್ಟುತ್ತಿದ್ದರು.

ಈಗ ದನಿಗೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲೇ.

ಮಾತಾಡುವಾಗ ಗಂಡಸರ ದನಿ ಸುಮಾರು 100ರಿಂದ 130 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಹೆಂಗಸರದು 180ರಿಂದ 220. ಹಾಗಾದರೆ ಪಿಚ್, ಅಂದರೆ ದನಿಯ ಶ್ರುತಿ, ಏರಿಸಿದರೆ ಸಾಕಲ್ಲ ಎಂದು ಏಳು ಸೆಮಿಟೋನ್ (ಅದೇ ಏಳು ಸ್ವರಸ್ಥಾನ) ಏರಿಸಿ ಕೇಳಿದರೆ ಕಾರ್ಟೂನಿನ ಅಳಿಲು ಮಾತಾಡಿದಂತಿರುತ್ತದೆ. ಕಾರಣ ಸರಳ. ಒಂದೇ ಕೋಲಿನಿಂದ ಕೊಡವನ್ನೂ ಚೊಂಬನ್ನೂ ಬಡಿದರೆ ಸದ್ದು ಬೇರೆ, ಒಳಗಿನ ಪೊಳ್ಳಿನ ಅಳತೆ ಬೇರೆಯಾದ್ದರಿಂದ. ಗಂಟಲು ಮತ್ತು ಬಾಯಿಯ ಪೊಳ್ಳು ಹೀಗೆ ಎತ್ತಿ ತೋರಿಸುವ ಕಂಪನಗಳೇ ಫಾರ್ಮೆಂಟ್. ಸಾಧಾರಣ ಪಿಚ್ ಶಿಫ್ಟರ್ ಸ್ವರವನ್ನು ಏರಿಸುವ ಜತೆ ಪೊಳ್ಳನ್ನೂ ಒಂದೂವರೆ ಪಟ್ಟು ಕುಗ್ಗಿಸಿಬಿಡುತ್ತದೆ. ಗಂಡು ಹೆಣ್ಣಿನ ಗಂಟಲಿನ ಉದ್ದದಲ್ಲಿ ನಿಜಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಹದಿನೈದರ ಆಸುಪಾಸು ಮಾತ್ರ. ಆದ್ದರಿಂದ ಪಿಚ್ಚನ್ನೂ ಫಾರ್ಮೆಂಟನ್ನೂ ಬೇರೆ ಬೇರೆ ತಿರುಗಿಸಲು ಬರುವ ಪ್ಲಗಿನ್ (ತಂತ್ರಾಂಶಕ್ಕೆ ಸೇರಿಸುವ ಉಪಕರಣ) ಬೇಕು. ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದ ಜತೆಗೇ ಬರುವ ರಿಯಾಪಿಚ್ ಸಾಕು. ಪಿಚ್ 4ರಿಂದ 7 ಸೆಮಿಟೋನ್, ಫಾರ್ಮೆಂಟ್ 2ರಿಂದ 3. ಕೆಳಕ್ಕೆ ಇಳಿಸುವವರಿಗೂ ಇದೇ ಅನುಪಾತ, ಮೈನಸ್ ಗುರುತಿನಲ್ಲಿ. ಅನುಪಾತ ತಪ್ಪಿದರೂ ಗಾಬರಿ ಬೇಡ. ಪಿಚ್ ಇದ್ದಲ್ಲೇ ಬಿಟ್ಟು ಫಾರ್ಮೆಂಟನ್ನಷ್ಟೇ 5 ಸೆಮಿಟೋನ್ ಇಳಿಸಿದರೆ ಯಾವ ಮನುಷ್ಯನದೂ ಅಲ್ಲದ, ಆದರೆ ತುಂಬ ಹತ್ತಿರದಿಂದ ಮಾತಾಡುವ ಒಂದು ದನಿ ಸಿಗುತ್ತದೆ. ಗಂಡು ಅಥವಾ ಹೆಣ್ಣು ಎನ್ನಿಸಿಕೊಳ್ಳುವುದಕ್ಕಿಂತ ಇಂಥ ದನಿ ಹುಡುಕುವುದೇ ಈ ಪ್ರಕಾರದ ದೊಡ್ಡ ಸುಖ.

ಎರಡನೆಯ ಉಪಾಯ ರಿಂಗ್ ಮಾಡ್ಯುಲೇಶನ್. ನಿಮ್ಮ ದನಿಯನ್ನು ಒಂದು ಶುದ್ಧ ಸ್ವರದಿಂದ ಗುಣಿಸುವುದು. ದನಿ 150 ಹರ್ಟ್ಸ್, ಆ ಸ್ವರ 137 ಎಂದುಕೊಳ್ಳಿ. ಹೊರಬರುವುದು ಮೊತ್ತ ಮತ್ತು ವ್ಯತ್ಯಾಸ: 287 ಮತ್ತು 13. ಮೂಲ ದನಿಯ ಜತೆಗೇ ಅದರ ಎರಡು ಪಟ್ಟಿನಲ್ಲಿ ಹುಟ್ಟುವ ಮೇಲಿನ ಸ್ವರ 300 ಇದ್ದದ್ದು 437 ಮತ್ತು 163 ಆಗುತ್ತದೆ. ಇವುಗಳಿಂದ ಕಿವಿಗೆ ಯಾವ ಆಧಾರ ಶ್ರುತಿಯೂ ಸಿಗುವುದಿಲ್ಲ, ಹಾಗಾಗಿ ದನಿ ಯಾರದು ಎಂಬ ಅಂದಾಜೂ ಕುಸಿಯುತ್ತದೆ. ಆ ಶುದ್ಧ ಸ್ವರವನ್ನು 30 ಹರ್ಟ್ಸಿಗಿಂತ ಕೆಳಗೆ ಇಟ್ಟರೆ ಬರೀ ನಡುಕ. ಎಫೆಕ್ಟಿನ ಗುಂಡಿ ಪೂರ್ತಿ ತಿರುಗಿಸಿದರೆ ಪದಗಳು ಕೇಳಿಸುವುದಿಲ್ಲ. ಸಾಹಿತ್ಯ ಮುಖ್ಯವಾದರೆ ಅರ್ಧಕ್ಕೇ ನಿಲ್ಲಿಸಿ, ಅಡಿಯಲ್ಲಿ ಮೂಲ ದನಿಯನ್ನು ಸಣ್ಣಗೆ ಉಳಿಸಿಕೊಳ್ಳಿ. ಪಿಸುಮಾತನ್ನೂ ಮರೆಯಬೇಡಿ. ಅದರಲ್ಲಿ ಶ್ರುತಿಯೇ ಇಲ್ಲ, ಬರೀ ಉಸಿರು. ಅದಕ್ಕೆ ಡಿಸ್ಟಾರ್ಶನ್ (ಸದ್ದನ್ನು ಮಿತಿಮೀರಿ ಎತ್ತಿ ಒಡೆಯುವ ಎಫೆಕ್ಟ್) ಹಾಕಿದರೆ ಯಂತ್ರವೇ ಉಸಿರಾಡಿದಂತೆ ಕೇಳುತ್ತದೆ, ಖರ್ಚೂ ಇಲ್ಲ.

ರೆಕಾರ್ಡ್ ಮಾಡುವಾಗ ಹೆಡ್‌ಫೋನಿನಲ್ಲಿ ಬರುವ ಸ್ವಂತ ದನಿಯೇ ಅನೇಕರಿಗೆ ತಡೆಯಲಾಗದ ಹಿಂಸೆ. ಎಷ್ಟೋ ಹಾಡು ಅಲ್ಲೇ ನಿಂತುಹೋಗುತ್ತವೆ. ಬದಲಾದ ದನಿಯನ್ನೇ ಕೇಳುತ್ತ ಹಾಡಬಹುದು, ಆದರೆ ವಿಳಂಬದ ಲೆಕ್ಕ ಗೊತ್ತಿರಬೇಕು. 48 ಕಿಲೋಹರ್ಟ್ಸಿನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ತುಣುಕು) ಎಂದರೆ 2.7 ಮಿಲಿಸೆಕೆಂಡ್. ಹೋಗಿ ಬರುವುದು ಎಲ್ಲ ಸೇರಿ ಹತ್ತರೊಳಗಿದ್ದರೆ ತೊಂದರೆಯಿಲ್ಲ. ಫಾರ್ಮೆಂಟ್ ಪ್ಲಗಿನ್ನಿಗೆ ಮಾತ್ರ ಸ್ವರ ಗುರುತಿಸಲು ಕನಿಷ್ಠ ಎರಡು ಸುತ್ತು ಕಂಪನ ಬೇಕು. 100 ಹರ್ಟ್ಸಿನ ದನಿಗೆ ಅದೇ 20 ಮಿಲಿಸೆಕೆಂಡ್ ಆಯಿತು. ನಾಲಿಗೆ ತೊದಲುವುದು ಇದರಿಂದಲೇ. ಪರಿಹಾರ: ಹೆಡ್‌ಫೋನಿಗೆ ರಿಂಗ್ ಮಾಡ್ಯುಲೇಟರ್ ಮತ್ತು ಡಿಸ್ಟಾರ್ಶನ್ ಮಾತ್ರ ಕೊಡಿ, ಇವು ಹೆಚ್ಚುಕಡಿಮೆ ತಡವೇ ಮಾಡುವುದಿಲ್ಲ. ಫೈಲಿಗೆ ಇಳಿಯುವುದು ಏನೂ ಹಾಕದ ದನಿಯೇ ಆಗಿರಲಿ, ಫಾರ್ಮೆಂಟ್ ಕೆಲಸ ಆಮೇಲೆ. ವಿಂಡೋಸ್‌ನಲ್ಲಿ ವಿಳಂಬ ತಗ್ಗಿಸುವ ಎಎಸ್‌ಐಒ ಡ್ರೈವರ್ ಇಲ್ಲದೆ ಇದು ಕಷ್ಟ. ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಒಳಬರುವ ದನಿಗೆ ಆ ಕ್ಷಣದಲ್ಲೇ ಎಫೆಕ್ಟ್ ಹಾಕಿ ಕೇಳಲು ಬರುವುದಿಲ್ಲ. ರೀಪರ್‌ನಲ್ಲಿ ಬರುತ್ತದೆ.

ಎಫೆಕ್ಟುಗಳ ಸಾಲು ಹೀಗಿರಲಿ: ಮೊದಲು 90 ಹರ್ಟ್ಸಿನ ಕೆಳಗಿನದನ್ನು ಕತ್ತರಿಸುವ ಫಿಲ್ಟರ್, ಆಮೇಲೆ ಪಿಚ್ ಮತ್ತು ಫಾರ್ಮೆಂಟ್, 5ರಿಂದ 8 ಕಿಲೋಹರ್ಟ್ಸಿನ ಸ, ಶ ಅಕ್ಷರಗಳನ್ನು ತಗ್ಗಿಸುವ ಡಿ-ಎಸ್ಸರ್, ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್, ಡಿಸ್ಟಾರ್ಶನ್, ಕೊನೆಗೆ ಮಾರ್ದನಿ ಸೇರಿಸುವ ರಿವರ್ಬ್. ಡಿಸ್ಟಾರ್ಶನ್ ಮೊದಲು ಬಂದರೆ ಪಿಚ್ ಪ್ಲಗಿನ್ನಿಗೆ ಸ್ವರ ಸಿಗದೆ ದನಿ ಚೂರುಚೂರಾಗುತ್ತದೆ. ಡಿ-ಎಸ್ಸರ್ ಡಿಸ್ಟಾರ್ಶನ್ನಿನ ನಂತರ ಬಂದರೆ ಅಷ್ಟರಲ್ಲಿ ‘ಸ’ ಗರಗಸವಾಗಿರುತ್ತದೆ. ಇನ್ನೊಂದು: ಡಿಸ್ಟಾರ್ಶನ್ 30 ಡೆಸಿಬಲ್ ಎತ್ತಿದರೆ ಸೀಲಿಂಗ್ ಫ್ಯಾನಿನ ಗಾಳಿಯೂ ಅಷ್ಟೇ ಎತ್ತಿ ಬರುತ್ತದೆ. ಬೆವರಿದರೂ ಪರವಾಗಿಲ್ಲ, ಆ ಮೂರು ನಿಮಿಷ ಫ್ಯಾನ್ ಆರಿಸಿ.

ಮೈಯ ವಿಷಯ. ಎದೆ ಬಿಗಿಯುವ ಬೈಂಡರ್ ತೊಟ್ಟು ಕಿರುಚಬೇಡಿ. ಪಕ್ಕೆಲುಬು ಹಿಗ್ಗದೆ ಉಸಿರೆಲ್ಲ ಗಂಟಲ ಮೇಲೆ ಬೀಳುತ್ತದೆ. ಹಾಡುವಾಗ ಸಡಿಲವಾದ ಸ್ಪೋರ್ಟ್ಸ್ ಬ್ರಾ ಮೇಲು. ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ ತೆಗೆದುಕೊಳ್ಳುವವರ ದನಿ ಮೊದಲ ಕೆಲವು ತಿಂಗಳಲ್ಲೇ ಇಳಿಯಲು ಶುರುವಾಗಿ ಒಂದೆರಡು ವರ್ಷ ಬದಲಾಗುತ್ತ ಇರುತ್ತದೆ. ಆ ಹೊತ್ತಿನಲ್ಲಿ ಒಡೆಯುವ ದನಿಯನ್ನು ಬಲವಂತವಾಗಿ ಎಳೆಯುವುದು ಬೇಡ, ಕಿರುಚಾಟದ ಕೆಲಸ ಡಿಸ್ಟಾರ್ಶನ್ನಿಗೆ ಬಿಡಿ. ಮೈಕಿಗೆ ನಾಲ್ಕು ಬೆರಳು ಹತ್ತಿರ ಬಂದು ಮೆಲ್ಲಗೆ ಹೇಳಿದ್ದನ್ನೂ ಅದು ಕಿರುಚಾಗಿಸಬಲ್ಲದು. ತಿಂಗಳಿಗೊಮ್ಮೆ ಅದೇ ಒಂದು ಸಾಲನ್ನು ರೆಕಾರ್ಡ್ ಮಾಡಿಟ್ಟರೆ ಹನ್ನೆರಡು ತಿಂಗಳಿಗೆ ಹನ್ನೆರಡು ದನಿಗಳ ಮೇಳ ನಿಮ್ಮದು. ಹೆಣ್ಣು ಹಾರ್ಮೋನ್ ಈಸ್ಟ್ರೊಜೆನ್ ದನಿಯನ್ನು ಏರಿಸುವುದಿಲ್ಲ. ಅಲ್ಲಿ ಅಭ್ಯಾಸವೇ ದಾರಿ. ಗಂಟಲು ನೋಯುತ್ತಿದ್ದರೆ ಅಥವಾ ದನಿ ಒರಟಾಗಿಯೇ ಉಳಿದರೆ ಅಂದಿನ ಕೆಲಸ ಅಲ್ಲಿಗೇ ಮುಗಿಸಬೇಕು.

ಲೋಹದ ಸದ್ದಿಗೆ ಗುಜರಿ ಅಂಗಡಿಯೂ, ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆಯೂ ಸಾಕು. ಕಂಪನವನ್ನು ವಿದ್ಯುತ್ತಾಗಿಸುವ 27 ಮಿಲಿಮೀಟರಿನ ಪಿಯೆಜೊ ಬಿಲ್ಲೆ ಒಂದು, ಶೀಲ್ಡ್ ಇರುವ ವೈರ್ ಎರಡು ಮೀಟರ್, ಕಾಲಿಂಚಿನ ಮೋನೊ ಜ್ಯಾಕ್ ಒಂದು. ನಡುವಿನ ಬಿಳಿ ಭಾಗಕ್ಕೆ ಒಳ ತಂತಿ, ಹಿತ್ತಾಳೆ ಅಂಚಿಗೆ ಶೀಲ್ಡ್. ಬಿಳಿ ಭಾಗದ ಮೇಲೆ ಸಾಲ್ಡರಿಂಗ್ ಐರನ್ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು, ಕಾಯ್ದರೆ ಪಿಯೆಜೊ ಗುಣವೇ ಹೋಗುತ್ತದೆ. ಮೇಲೆ ಎರಡು ಕೋಟ್ ಉಗುರುಬಣ್ಣ. ಹಿತ್ತಾಳೆ ಬದಿಯನ್ನು ತೆಳುವಾದ ಡಬಲ್ ಟೇಪಿನಿಂದ ತಗಡಿಗೆ ಅಂಟಿಸಿ. ಫೋಮ್ ಟೇಪ್ ಬೇಡ, ಅದು ಕಿಣಿಕಿಣಿಯನ್ನೆಲ್ಲ ತಿಂದುಹಾಕುತ್ತದೆ. ಸದ್ದು ಡಬ್ಬದೊಳಗಿನಂತೆ ಸೊರಗಿದರೆ ತಪ್ಪು ಬಿಲ್ಲೆಯದಲ್ಲ, ಇನ್‌ಪುಟ್ಟಿನದು. 20 ನ್ಯಾನೊಫ್ಯಾರಡ್‌ನ ಬಿಲ್ಲೆಯನ್ನು 10 ಕಿಲೋ ಓಮ್‌ನ ಲೈನ್ ಇನ್‌ಪುಟ್ಟಿಗೆ ಹಾಕಿದರೆ ಸುಮಾರು 800 ಹರ್ಟ್ಸಿನ ಕೆಳಗಿನದೆಲ್ಲ ಕ್ಷೀಣಿಸುತ್ತದೆ. ಗಿಟಾರಿಗೆಂದು ಇರುವ 1 ಮೆಗಾ ಓಮ್ ಇನ್‌ಪುಟ್ಟಿಗೆ ಹಾಕಿದರೆ ಆ ಗೆರೆ 8 ಹರ್ಟ್ಸಿಗೆ ಇಳಿಯುತ್ತದೆ. ಪಾತ್ರೆಯ ತಳ, ಶಟರ್, ಹೊಲಿಗೆ ಯಂತ್ರದ ಮೈ, ಯಾವುದಾದರೂ ಸರಿ. ಅರ್ಧ ವೇಗದಲ್ಲಿ ನುಡಿಸಿದರೆ ಒಂದು ಸ್ಥಾಯಿ ಕೆಳಗಿಳಿದು ತಟ್ಟೆಯೂ ಗಂಟೆಯಾಗುತ್ತದೆ.

ಜೋಗತಿಯರ ಚೌಡಿಕೆಯ ಸದ್ದು ಈ ಸಂಗೀತಕ್ಕೆ ಹೇಳಿಮಾಡಿಸಿದಂತಿದೆ, ನಿಜ. ಅದರ ಗುಂಯ್‌ಗುಡುವ ತಂತಿಯನ್ನು ಸ್ಯಾಂಪಲ್ ಮಾಡುವ ಆಸೆ ಯಾರಿಗಾದರೂ ಆದೀತು. ಆದರೆ ಅದು ಎಲ್ಲಮ್ಮನ ಸೇವೆಯ ವಾದ್ಯ, ಅದನ್ನು ಹಿಡಿದವರ ಹೊಟ್ಟೆಪಾಡು. ಟ್ರಾನ್ಸ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರ ಪದ್ಮಶ್ರೀ ಘೋಷಣೆಯಾಗುವವರೆಗೂ ಆ ಲೋಕದ ಕಡೆ ತಿರುಗಿ ನೋಡಿದವರು ಕಡಿಮೆ. ಯೂಟ್ಯೂಬಿನಿಂದ ಕತ್ತರಿಸಿ ಹಾಕಬೇಡಿ. ಬೇಕಿದ್ದರೆ ನುಡಿಸುವವರನ್ನೇ ಕೇಳಿ, ಸಂಭಾವನೆ ಕೊಟ್ಟು, ಹೆಸರು ಹಾಕಿ.

ಬಿಡುಗಡೆಗೆ, ಕಲಾವಿದರೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣ ಒಳ್ಳೆಯದು, ಡಿಜಿಟಲ್ ಮಾರಾಟದಲ್ಲಿ ಅವರ ಪಾಲು ನೂರಕ್ಕೆ 15. ಕಲಾವಿದರ ಹೆಸರು ಏನು ಬೇಕಾದರೂ ಇಟ್ಟುಕೊಳ್ಳಬಹುದು. ಹಣ ಬರುವ ಪೇಪಾಲ್ ಖಾತೆ ಮಾತ್ರ ನಮ್ಮಲ್ಲಿ ಪ್ಯಾನ್ ಕಾರ್ಡಿನ ಹೆಸರಿಗೇ ಅಂಟಿಕೊಂಡಿರುತ್ತದೆ. ಪೇಪಾಲ್ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪಾವತಿ ನಿಲ್ಲಿಸಿರುವುದರಿಂದ ಇಲ್ಲಿನ ಕೇಳುಗರಿಗಾಗಿ ಯುಪಿಐ ಕೊಡುವವರಿದ್ದಾರೆ. ಆಗ ದುಡ್ಡು ಹಾಕುವವರ ಪರದೆಯಲ್ಲಿ ಬ್ಯಾಂಕಿನ ದಾಖಲೆಯ ಹೆಸರು ಕಾಣುತ್ತದೆ. ಬಿಟ್ಟುಬಂದ ಹೆಸರು ಇನ್ನೂ ಬ್ಯಾಂಕಿನಲ್ಲಿ ಉಳಿದಿದ್ದರೆ ಕ್ಯೂಆರ್ ಕೋಡ್ ಹಾಕುವ ಮೊದಲು ನಂಬಿಕಸ್ಥರೊಬ್ಬರಿಂದ ಒಂದು ರೂಪಾಯಿ ಹಾಕಿಸಿ ನೋಡಿ. ಇದು ಅತಿ ಎಚ್ಚರಿಕೆಯಲ್ಲ. ಬ್ಲ್ಯಾಕ್ ಡ್ರೆಸಸ್ 2020ರಲ್ಲಿ ತಂಡ ಮುಚ್ಚುತ್ತಿರುವುದಾಗಿ ಹೇಳಿದ್ದೇ ಕೇಳುಗರ ಕಿರುಕುಳ ತಾಳಲಾರದೆ. ಹಾಡಿನ ಫೈಲಿನ ಟ್ಯಾಗುಗಳಲ್ಲಿ, ಹಂಚಿಕೊಳ್ಳುವ ಪ್ರಾಜೆಕ್ಟ್ ಫೈಲಿನ ಫೋಲ್ಡರ್ ದಾರಿಯಲ್ಲಿ ಕಂಪ್ಯೂಟರಿನ ಬಳಕೆದಾರರ ಹೆಸರು ಉಳಿದಿರಬಹುದು. ಮುಖಪುಟಕ್ಕೆಂದು ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಮನೆಯ ಜಾಗವೇ ದಾಖಲಾಗಿರಬಹುದು. ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹಾಕಿ, ಫೈಲನ್ನು ಟ್ಯಾಗ್ ಖಾಲಿ ಮಾಡಿ ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿ, ಏರಿಸುವ ಮುನ್ನ ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿ.