ಕುಂಚಿಗೆ ಮೂರನೇ ಸಲ, ಮತ್ತೆ ನಮ್ಮ ಅಂಗಡಿಯ ಉಳಿದ ಕಸರತ್ತು

ಮಗುವಿನ ತಲೆ, ಬೆನ್ನು ಮುಚ್ಚುವ ಕುಂಚಿಗೆಯನ್ನು ಮೂರನೇ ಸಲ ಬಿಚ್ಚಿ ಉಂಡೆ ಸುತ್ತಿದೆ. ಈ ನೂಲಿಗೆ ಬಾಯಿ ಇದ್ದಿದ್ದರೆ ನನ್ನನ್ನು ಬೈದು ಅಂಗಡಿ ಬಿಟ್ಟೇ ಹೋಗುತ್ತಿತ್ತು.

ಮೊದಲಿನಿಂದ ಹೇಳುತ್ತೇನೆ. ನಾನು ಧಾರವಾಡದವಳು. ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು. ಲಕ್ಷ್ಮಿ ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ ಉಲ್ಲನ್, ಕ್ರೋಶಾ ನೂಲು ಮಾರುವ ಸಣ್ಣ ಅಂಗಡಿಯಲ್ಲಿ ಕೆಲಸ. ಮಾಲೀಕರು ಮರಾಠಿ ಹೆಂಗಸು, ಎಲ್ಲರಿಗೂ ಅವರು ಕಾಕು. ಅಂಗಡಿ ಮಧ್ಯಾಹ್ನ ಒಂದಕ್ಕೆ ಮುಚ್ಚಿ ನಾಲ್ಕಕ್ಕೆ ತೆಗೆಯುತ್ತದೆ. ಪುಣೆಯ ಈ ಮಧ್ಯಾಹ್ನದ ನಿದ್ದೆ ಬಗ್ಗೆ ಊರೆಲ್ಲ ನಗುತ್ತದೆ, ಅಲ್ವಾ? ಆದರೆ ನನ್ನ ಹೆಣಿಗೆ ನಡೆಯೋದೇ ಆ ಮೂರು ಗಂಟೆಯಲ್ಲಿ. ಅರ್ಧ ಶಟರ್ ಎಳೆದು ಒಳಗೆ ಕೂತು ಬಿಡುತ್ತೇನೆ. ಶನಿವಾರ ನಾಲ್ಕೈದು ಜನ ಗಿರಾಕಿಗಳೂ ತಮ್ಮ ಕೆಲಸ ಹಿಡಿದು ಬರುತ್ತಾರೆ.

ಹುಬ್ಬಳ್ಳಿಯಲ್ಲಿ ತಮ್ಮನ ಹೆಂಡತಿಗೆ ನವೆಂಬರ್ ಕೊನೆಗೆ ದಿನ ಕೊಟ್ಟಿದ್ದರು. ನಾನು ಸೋದರತ್ತೆ. ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಮಗುವಿಗೆ ಕುಂಚಿಗೆ, ಕುಲಾವಿ ಅನ್ನುವ ಟೋಪಿ ಹಾಕಿ, ಕಿವಿಯಲ್ಲಿ ಕುರ್ರ್ ಅಂತ ಹೆಸರು ಹೇಳಿ, ಬೆನ್ನ ಮೇಲೆ ಗುದ್ದು ತಿನ್ನುವುದು ಸೋದರತ್ತೆಯ ಹಕ್ಕು. ಹೊಲಿದ ಕುಂಚಿಗೆ ಪೇಟೆಯಲ್ಲಿ ಸಿಗುತ್ತದೆ. ಆದರೆ ನೂಲಿನ ಅಂಗಡಿಯಲ್ಲಿ ಕೂತವಳು ಕುಂಚಿಗೆಯನ್ನು ಕೊಂಡು ಒಯ್ದರೆ ಜನ ಏನಂದಾರು? ಕ್ರೋಶಾದಲ್ಲೇ ಮಾಡುತ್ತೇನೆ ಅಂತ ಹೇಳಿಬಿಟ್ಟೆ. ಆ ಮಾತು ಆಡಿದ ದಿನದಿಂದ ಶನಿ ಹಿಡಿಯಿತು.

ಗಣಪತಿ ಕಳಿಸಿದ ಮೇಲಿನ ವಾರ

ವಿಸರ್ಜನೆಯ ದಿನ ನಮ್ಮ ಗಲ್ಲಿಗೆ ಸೈಕಲ್ ಕೂಡ ಬರುವುದಿಲ್ಲ. ಅಂಗಡಿ ಬಂದ್. ಮನೆಯಲ್ಲಿ ಕೂತು ಲೆಕ್ಕ ಹಾಕಿದೆ.

ಕುಂಚಿಗೆ ನೋಡಲು ಸುಲಭ. ಉದ್ದನೆಯ ಬಟ್ಟೆ, ನಡುವೆ ಮಡಚಿ ಮೇಲಿನ ಅಂಚು ಹೊಲಿದರೆ ತಲೆಯ ಭಾಗ, ಉಳಿದದ್ದು ಬೆನ್ನ ಮೇಲೆ ಇಳಿಬೀಳುತ್ತದೆ. ನಾಲ್ಕೆಳೆಯ ಹತ್ತಿ ನೂಲು, 3.5 ಮಿಲಿಮೀಟರಿನ ಕೊಕ್ಕೆ ಸೂಜಿ. ನನ್ನ ಕೈಗೆ ಹತ್ತು ಸೆಂಟಿಮೀಟರಿಗೆ ಇಪ್ಪತ್ತು ಹೊಲಿಗೆ ಬೀಳುತ್ತದೆ. ಧೈರ್ಯವಾಗಿ 80 ಸರಪಳಿ, ಅಂದರೆ ಶುರುವಿನ ಸಾಲಿನ ಹೊಲಿಗೆ, ಹಾಕಿದೆ. ಅಂದರೆ 40 ಸೆಂಟಿಮೀಟರ್, ಮಡಚಿದರೆ 20. ಮೂರು ಉಂಡೆ ಮುಗಿಯಿತು. ಕಾಕು ತಕ್ಕಡಿಗೆ ಹಾಕಿದರು, 150 ಗ್ರಾಂ.

ಶನಿವಾರ ವಿಜಯಪುರದ ಅಮ್ಮಾರು ಬಂದಿದ್ದರು. ಮಗನ ಮನೆಯಲ್ಲಿ ಇರುತ್ತಾರೆ, ವಯಸ್ಸು ಎಪ್ಪತ್ತು ದಾಟಿದೆ, ಕನ್ನಡ ಮಾತಾಡಲು ಸಿಗುತ್ತದೆ ಅಂತಲೇ ನಮ್ಮ ಅಂಗಡಿಗೆ ಬರೋದು. ಕೈಯಲ್ಲಿ ಹಿಡಿದು ಎರಡು ಸಲ ತೂಗಿ ನೋಡಿದರು.

"ಏನವಾ, ಇದೇನ್ ಕುಂಚಿಗಿ? ಮಳ್ಯಾಗ ಎಮ್ಮಿ ಕಾಯಾವ್ರು ಹೊದ್ಕೊಳ್ಳೋ ಗೋಣಿಚೀಲ ಇದ್ದಂಗ ಐತಿ."

ನಗು ಬಂತು, ಸಿಟ್ಟೂ ಬಂತು. ಆದರೆ ಅವರು ಹೇಳಿದ್ದು ಸರಿ. ಆಗ ತಾನೇ ಹುಟ್ಟಿದ ಮಗುವಿನ ತಲೆಯ ಸುತ್ತಳತೆ 35 ಸೆಂಟಿಮೀಟರ್ ಆಸುಪಾಸು. ಹಣೆಯಿಂದ ಹಿಂದಕ್ಕೆ 20 ಸೆಂಟಿಮೀಟರ್ ಇಟ್ಟರೆ ಮುಖವೆಲ್ಲ ಮುಚ್ಚುತ್ತದೆ. ಹತ್ತಿ ನೂಲು ಉಲ್ಲನ್‌ಗಿಂತ ಭಾರ, ತನ್ನ ತೂಕಕ್ಕೆ ತಾನೇ ಜಗ್ಗುತ್ತದೆ. ಅದನ್ನು ಮರೆತಿದ್ದೆ. ಬಿಚ್ಚಿದೆ.

ನವರಾತ್ರಿ

ಎರಡನೇ ಪ್ರಯತ್ನ. ಈ ಸಲ 60 ಸರಪಳಿ. ಮಡಚಿದರೆ 15 ಸೆಂಟಿಮೀಟರ್. ಅಳತೆ ಸರಿ. ಹಗುರ ಆಗಲಿ ಅಂತ ಒಂದು ವಿಡಿಯೋ ನೋಡಿಕೊಂಡು ಶುರು ಮಾಡಿದೆ. ಅದರಲ್ಲಿ ಡಬಲ್ ಕ್ರೋಶಾ ಅನ್ನುವ ಹೊಲಿಗೆ ಹಾಕಿ ಅಂದರು, ನಾನು ಡಬಲ್ ಕ್ರೋಶಾ ಹಾಕಿದೆ. ತಲೆಯ ಭಾಗ ಎತ್ತರದಲ್ಲಿ ಅವರದ್ದರ ಅರ್ಧಕ್ಕೆ ಬಂತು. ಮೂರು ದಿನ ತಲೆ ಕೆರೆದುಕೊಂಡೆ.

ಆಮೇಲೆ ಹೊಳೆಯಿತು. ನಾನು ಕಲಿತದ್ದು ಅಮ್ಮನ ಹಳೇ ಬ್ರಿಟಿಷ್ ಪುಸ್ತಕದಿಂದ. ಆ ವಿಡಿಯೋ ಅಮೆರಿಕದ್ದು. ಅಮೆರಿಕದವರ ಸಿಂಗಲ್ ಕ್ರೋಶಾ, ಅಂದರೆ ಗಿಡ್ಡ ಹೊಲಿಗೆ, ಬ್ರಿಟಿಷರಿಗೆ ಡಬಲ್. ಅಮೆರಿಕದ ಡಬಲ್, ಅಂದರೆ ಎತ್ತರದ್ದು, ಬ್ರಿಟಿಷರಿಗೆ ಟ್ರೆಬಲ್. ಹೆಸರು ಒಂದೇ, ಹೊಲಿಗೆ ಬೇರೆ. ನಮ್ಮ ಅಂಗಡಿಗೆ ಬರುವ ಅರ್ಧ ತಕರಾರುಗಳ ಬೇರು ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

ಕಾಕು ಮಾತ್ರ ಈ ರಗಳೆಗೆ ಸಿಗುವುದಿಲ್ಲ. ಅವರದ್ದು ಶುದ್ಧ ಮರಾಠಿ ಲೆಕ್ಕ. ಸರಪಳಿಗೆ ಸಾಖಳಿ. ಎತ್ತರದ ಹೊಲಿಗೆಗೆ ಖಾಂಬ, ಅಂದರೆ ನಮ್ಮ ಕಂಬ. ಗಿಡ್ಡ ಹೊಲಿಗೆಗೆ ಮುಕಾ ಖಾಂಬ, ಅಂದರೆ ಮೂಗ ಕಂಬ. ಎಷ್ಟು ಚೆಂದ ನೋಡಿ. ಮೇಲಕ್ಕೆ ಏಳದೆ, ಸದ್ದಿಲ್ಲದೆ ಕೂತ ಕಂಬ. ಅಂದಿನಿಂದ ನನ್ನ ವಹಿಯಲ್ಲಿ ಕಂಬ, ಮೂಗ ಕಂಬ ಅಂತಲೇ ಬರೆದುಕೊಳ್ಳುತ್ತಿದ್ದೇನೆ. ಸಿಂಗಲ್, ಡಬಲ್ ಎರಡನ್ನೂ ಹೊರಗೆ ಹಾಕಿದೆ.

ಬರೀ ಕಂಬ ಹಾಕಿ ಮತ್ತೆ ಮಾಡಿದೆ. ಹಗುರ ಆಯಿತು, ಆದರೆ ನಡುನಡುವೆ ನನ್ನ ಕಿರುಬೆರಳು ತೂರುವಷ್ಟು ಸಂದು. ಮಗುವಿನ ಬೆರಳು ಅದರಲ್ಲಿ ಸಿಕ್ಕಿಕೊಂಡರೆ? ಕಾಕು ಮಕ್ಕಳ ಸಾಮಾನಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮಣಿ ಹಚ್ಚಬಾರದು, ಕುತ್ತಿಗೆಗೆ ಉದ್ದ ದಾರ ಬಿಡಬಾರದು, ಉದುರುವ ಗುಂಡಿ ಬೇಡ. ಸಂದು ನೋಡಿ ತಲೆ ಅಲ್ಲಾಡಿಸಿದರು. ಮತ್ತೆ ಬಿಚ್ಚಿದೆ.

ಈ ನಡುವೆ ಗಿರಾಕಿಗಳ ಕಡೆ

ಹಿಂಜವಡಿಯ ಐಟಿ ಹುಡುಗ, ಬೆಂಗಳೂರಿನವನು, ಅಮ್ಮನಿಗೆ ಮಫ್ಲರ್ ಹಾಕುತ್ತಿದ್ದಾನೆ. ಫೋನಿನಲ್ಲಿ "ಅಕ್ಕಾ, ನಾಲ್ಕು ನಂಬರ್ ಕಡ್ಡಿ ಕೊಡಿ" ಅಂದ. ಕಾಕು ನಾಲ್ಕು ನಂಬರ್ ಕೊಟ್ಟು ಕಳಿಸಿದರು. ಅವನಿಗೆ ಬೇಕಿದ್ದದ್ದು ನಾಲ್ಕು ಮಿಲಿಮೀಟರ್. ಹೆಣಿಗೆ ಕಡ್ಡಿಯ ಹಳೇ ಬ್ರಿಟಿಷ್ ನಂಬರ್ ಉಲ್ಟಾ. ನಂಬರ್ ಏರಿದಷ್ಟೂ ಕಡ್ಡಿ ತೆಳು. 4 ಮಿಲಿಮೀಟರ್ ಬೇಕಾದರೆ ಎಂಟು ನಂಬರ್ ಕೇಳಬೇಕು, ಹತ್ತು ನಂಬರ್ ಅಂದರೆ 3.25. ನಾಲ್ಕು ನಂಬರ್ ಅಂದರೆ 6 ಮಿಲಿಮೀಟರಿನ ದೊಣ್ಣೆ. ಅವನು ಅದರಲ್ಲೇ ಎರಡು ಅಡಿ ಹಾಕಿ ತಂದ, ಮೀನಿನ ಬಲೆಯ ಹಾಗೆ ಇತ್ತು. ಬಿಚ್ಚಲು ಮನಸ್ಸಿಲ್ಲ ಅಂದ. ಎರಡು ಬದಿ ಸೇರಿಸಿ ಹೊಲಿದು ತರಕಾರಿ ಚೀಲ ಮಾಡಿಕೊಂಡಿದ್ದಾನೆ. ಮೂರು ಕಿಲೋ ಈರುಳ್ಳಿ ತಡೆಯಿತಂತೆ. ಅಮ್ಮನ ಮಫ್ಲರ್ ಎಂಟು ನಂಬರಿನಲ್ಲಿ ಹೊಸದಾಗಿ ನಡೆದಿದೆ.

ಕೋಥ್ರೂಡಿನ ಒಬ್ಬರು ಮಗಳ ಮದುವೆಯ ರುಖವತ್‌ಗೆ ಮೇಜಿನ ಹೊದಿಕೆ ಮಾಡುತ್ತಿದ್ದಾರೆ. ರುಖವತ್ ಅಂದರೆ ಮದುವೆ ಮನೆಯಲ್ಲಿ ಹುಡುಗಿಯ ಕಡೆಯವರು ಕೈಯಿಂದ ಮಾಡಿ ಸಾಲಾಗಿ ಜೋಡಿಸಿಡುವ ಸಾಮಾನು. ತುಳಸಿ ಮದುವೆ ಆದ ಮೇಲೆ ಲಗ್ನದ ಹಂಗಾಮು ಶುರು, ಹಾಗಾಗಿ ಅಕ್ಟೋಬರಿನಲ್ಲಿ ಕ್ರೋಶಾ ನೂಲಿಗೆ ನಮ್ಮಲ್ಲಿ ಎಳೆದಾಟ. ತೆಳು ನೂಲು, ಸೂಜಿ ಬರೀ 1.25. ಕೆನೆ ಬಣ್ಣದ ಎಂಟು ಉಂಡೆ ಒಯ್ದಿದ್ದರು. ಸಾಲಲಿಲ್ಲ, ಇನ್ನೆರಡು ಬೇಕು ಅಂತ ಬಂದರು. ಬಣ್ಣದ ನಂಬರ್ ಅದೇ, ಲಾಟ್ ನಂಬರ್ ಬೇರೆ. ಒಂದೇ ಬಣ್ಣವಾದರೂ ಬೇರೆ ಬೇರೆ ಸಲ ಅದ್ದಿದ ನೂಲು ಕೂದಲೆಳೆಯಷ್ಟು ಬೇರೆ ಕಾಣುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಗೊತ್ತಾಗಲಿಲ್ಲ. ಹೊರಗೆ ಬಿಸಿಲಿಗೆ ಹಿಡಿದರೆ ಒಂದು ಹಾಲು, ಒಂದು ಮಜ್ಜಿಗೆ.

ಅವರ ಕಣ್ಣಲ್ಲಿ ನೀರು. ನಾಲ್ಕು ತಿಂಗಳ ಕೆಲಸ. ಕಾಕು ಸಮಾಧಾನ ಹೇಳಲು ಹೋಗಲಿಲ್ಲ. ಹೊದಿಕೆ ಮೇಜಿನ ಮೇಲೆ ಹರಡಿ, ಕೊನೆಯ ಆರು ಸಾಲು ಬಿಚ್ಚಿಸಿದರು. ಆ ಆರು ಸಾಲಿನಲ್ಲಿ ಒಂದು ಹಳೇ ನೂಲು, ಒಂದು ಹೊಸದು, ಹೀಗೆ ಬದಲಿಸುತ್ತ ಹೋಗಿ, ಅಂಚು ಪೂರ್ತಿ ಹೊಸದರಲ್ಲಿ ಮಾಡಿ ಅಂದರು. ಒಂದೇ ಕಡೆ ಗೆರೆ ಎಳೆದ ಹಾಗೆ ಬದಲಾದರೆ ಕಣ್ಣು ಹಿಡಿಯುತ್ತದೆ, ಮೆಲ್ಲಗೆ ಕರಗಿದರೆ ಹಿಡಿಯುವುದಿಲ್ಲ. ಕಳೆದ ವಾರ ಮುಗಿಸಿ ತೋರಿಸಿದರು. ಎಲ್ಲಿ ಬದಲಾಗಿದೆ ಅಂತ ಗೊತ್ತಿದ್ದೂ ನನಗೆ ಹುಡುಕಬೇಕಾಯಿತು.

ಇನ್ನೊಬ್ಬರು ಒಂದು ಮೇಳದಲ್ಲಿ "ಶುದ್ಧ ಉಣ್ಣೆ" ಅಂತ ದುಬಾರಿ ಕೊಟ್ಟು ನೂಲು ತಂದಿದ್ದರು. ಶಾಲು ಮಾಡುವ ಮೊದಲು ನಮಗೆ ತೋರಿಸಲು ಬಂದರು, ಪುಣ್ಯಕ್ಕೆ. ಎರಡು ಇಂಚು ಕತ್ತರಿಸಿ ಸ್ಟೀಲ್ ತಟ್ಟೆಯಲ್ಲಿಟ್ಟು ಬೆಂಕಿಕಡ್ಡಿ ಗೀರಿದೆವು. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಇದು ಕರಗಿ ತೊಟ್ಟಿಕ್ಕಿ ಕರೀ ಮಣಿಯಾಗಿ ಗಟ್ಟಿಯಾಯಿತು. ಅಕ್ರಿಲಿಕ್, ಅಂದರೆ ಕೃತಕ ನೂಲು. ಅದರಲ್ಲಿ ತಪ್ಪೇನಿಲ್ಲ. ನಾವು ಮಾರುವ "ಉಲ್ಲನ್" ಕೂಡ ಮುಕ್ಕಾಲು ಪಾಲು ಅಕ್ರಿಲಿಕ್ಕೇ, ಲುಧಿಯಾನಾ ಕಡೆಯಿಂದ ಬರುವಂಥದ್ದು. ಒಗೆಯಲು ಸುಲಭ, ಅಗ್ಗ, ಚುಚ್ಚುವುದಿಲ್ಲ. ಇಸ್ತ್ರಿ ಮಾತ್ರ ತಾಗಿಸಬಾರದು, ಚಪ್ಪಟೆಯಾಗಿ ಹೊಳಪು ಬಂದುಬಿಡುತ್ತದೆ. ಆದರೆ ಅಕ್ರಿಲಿಕ್‌ಗೆ ಉಣ್ಣೆಯ ದುಡ್ಡು ತೆಗೆದುಕೊಳ್ಳೋದು ಮೋಸ. ಆಕೆ ಆ ನೂಲಲ್ಲೇ ಶಾಲು ಶುರು ಮಾಡಿದ್ದಾರೆ, ಪ್ರತಿ ಸಾಲಿಗೂ ಆ ಮಾರಿದವನನ್ನು ನೆನೆಸಿಕೊಂಡು.

ವಿಜಯಪುರದ ಅಮ್ಮಾರು ಏನನ್ನೂ ಕೊಳ್ಳುವುದಿಲ್ಲ. ಎಲ್ಲರ ತುಂಡು ನೂಲು ಕೇಳಿ ಒಯ್ಯುತ್ತಾರೆ. ಅಂಗೈ ಅಗಲದ ಚೌಕ ಮಾಡಿ ಜೋಡಿಸಿ ಕೌದಿ ಮಾಡುತ್ತಿದ್ದಾರೆ. ಯಾವ ಬಣ್ಣದ ಪಕ್ಕ ಯಾವುದು ಅಂತ ಯೋಚನೆಯೇ ಇಲ್ಲ, ಆದರೂ ಎಲ್ಲೂ ಎಡವಟ್ಟಾಗಿಲ್ಲ. 112 ಚೌಕ ಆಗಿದೆ. ನಾನು ಬಿಚ್ಚಿ ಬಿಚ್ಚಿ ಸವೆಸಿದ ನೂಲೂ ಅದರಲ್ಲಿ ಒಂದು ಚೌಕ.

ದೀಪಾವಳಿ ಮುಗಿದ ಮೇಲೆ

ಬೆಳಿಗ್ಗೆ ಚಳಿ ಹಿಡಿಯಿತು. ಈಗ ಜನಕ್ಕೆ ಇದ್ದಕ್ಕಿದ್ದಂತೆ ಉಲ್ಲನ್ ನೆನಪಾಗುತ್ತದೆ. ಪುಣೆಯಲ್ಲಿ ಸಾರಸಬಾಗಿನ ಗಣಪತಿಗೂ ಚಳಿಗಾಲದಲ್ಲಿ ಸ್ವೆಟರ್, ಟೋಪಿ ಹಾಕುತ್ತಾರೆ. ಆ ಫೋಟೋ ಪೇಪರಿನಲ್ಲಿ ಬಂದ ದಿನ ನಮ್ಮ ಅಂಗಡಿಯಲ್ಲಿ ಬಾಲಕೃಷ್ಣನಿಗೆ ಸ್ವೆಟರ್ ಮಾಡುವವರ ಸಾಲು. ಒಬ್ಬ ಅಜ್ಜಿ ಹಿತ್ತಾಳೆ ಕೃಷ್ಣನನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಕೌಂಟರ್ ಮೇಲೆ ಕೂರಿಸಿದರು. ಎದೆಯ ಸುತ್ತಳತೆ ಒಂಬತ್ತು ಸೆಂಟಿಮೀಟರ್. ಒಂದು ಕೈ ಬೆಣ್ಣೆಗೆ ಚಾಚಿದೆ, ತೋಳು ತೂರಿಸುವುದು ಹೇಗೆ? ಬೆನ್ನ ಕಡೆ ಸೀಳು ಬಿಟ್ಟು ಕಟ್ಟುವ ಹಾಗೆ ಮಾಡಿಕೊಟ್ಟೆ. ಅರ್ಧ ಗಂಟೆಯ ಕೆಲಸ. ದೇವರ ಸ್ವೆಟರ್ ಒಂದೇ ಸಲಕ್ಕೆ ಸರಿ ಬಂತು, ತಮ್ಮನ ಮಗುವಿನದು ಬರುತ್ತಿಲ್ಲ.

ಮೂರನೇ ಪ್ರಯತ್ನ ಹೀಗೆ. ತಲೆಯ ಭಾಗಕ್ಕೆ ಮೂಗ ಕಂಬ, ಗಾಳಿ ನುಗ್ಗಬಾರದು. ಬೆನ್ನಿನ ಭಾಗಕ್ಕೆ ಕಂಬ, ಭಾರ ಇಳಿಯಬೇಕು. ಕುತ್ತಿಗೆ ಹತ್ತಿರ 60ರಿಂದ 48ಕ್ಕೆ ಇಳಿಸಿ, ಮತ್ತೆ 72ಕ್ಕೆ ಏರಿಸಿದೆ, ನಿರಿಗೆ ಬರಲಿ ಅಂತ. ಅಷ್ಟೂ ಮಾಡಿ ನೋಡಿದರೆ ಏರಿಸಿದ್ದೆಲ್ಲ ಎರಡೂ ತುದಿಗೆ ಹೋಗಿ ನಡುಬೆನ್ನು ಚಪ್ಪಟೆ, ಬದಿಯಲ್ಲಿ ಆನೆಕಿವಿ. ಅದನ್ನೇ ಮೇಲೆ ಹೇಳಿದ್ದು, ಮೂರನೇ ಸಲ ಬಿಚ್ಚಿದ್ದು. ತಲೆಯ ಭಾಗ ಉಳಿಸಿಕೊಂಡೆ. ಎರಡು ಹೊಲಿಗೆಗೆ ಒಂದರಂತೆ ಸಾಲಿನುದ್ದಕ್ಕೂ ಹಂಚಿ ಏರಿಸಿದ ಮೇಲೆ ನಿರಿಗೆ ಸರಿಯಾಗಿ ಬಿತ್ತು. ಈಗ ತೂಕ 90 ಗ್ರಾಂ ಚಿಲ್ಲರೆ.

ಸಂದಿನ ಭಯ ಹಾಗೇ ಉಳಿದಿತ್ತು. ಅಮ್ಮಾರೇ ದಾರಿ ತೋರಿಸಿದರು. "ಒಳಗ ಹಳೀ ಸೀರಿ ಹಚ್ಚವಾ. ಕೂಸಿಗೆ ನಿನ್ನ ನೂಲು ಯಾಕ ತಾಗಬೇಕು?" ಅಮ್ಮನ ಒಂದು ವಾಯಿಲ್ ಸೀರೆ ನನ್ನ ಹತ್ತಿರ ಇತ್ತು, ಒಗೆದು ಒಗೆದು ಬೆಣ್ಣೆಯಾದದ್ದು. ಅದನ್ನು ಅಸ್ತರು ಹಾಕಿದೆ. ಮಾರನೇ ಶನಿವಾರ ಅಮ್ಮಾರು ಚೀಲದಿಂದ ಗುಳೇದಗುಡ್ಡದ ಖಣದ ಒಂದು ಪಟ್ಟಿ ತೆಗೆದು ಕೊಟ್ಟರು. ನೇರಳೆ ಬಣ್ಣ, ಕುಪ್ಪಸ ಹೊಲಿಸಿ ಉಳಿದದ್ದಂತೆ. ಖಣ ಇಲ್ಲದ ಕುಂಚಿಗೆಯನ್ನು ಅವರು ಕುಂಚಿಗೆ ಅಂತ ಒಪ್ಪುವುದಿಲ್ಲ. ಹಣೆಯ ಮೇಲಿನ ಅಂಚಿಗೆ ಹೊರಗಡೆಯಿಂದ ಹಚ್ಚಿದೆ. ಮಗುವಿಗೆ ಚುಚ್ಚುವುದಿಲ್ಲ, ಅಮ್ಮಾರಿಗೆ ಸಮಾಧಾನ.

ಈಗಿನ ಸ್ಥಿತಿ

ಮಗು ಆರು ದಿನ ಮೊದಲೇ ಬಂತು. ಹೆಣ್ಣು. ತಮ್ಮ ಫೋನಿನಲ್ಲಿ ಅಳುತ್ತ ನಗುತ್ತಿದ್ದ, ನಾನು ತಲೆಯ ಸುತ್ತಳತೆ ಕೇಳಿದೆ. "ಅಕ್ಕಾ, ನಿನಗ ತಲಿ ಸರಿ ಐತಿಲ್ಲ?" ಅಂದ. ಅರ್ಧ ಗಂಟೆ ಬಿಟ್ಟು ನರ್ಸ್ ಬರೆದಿಟ್ಟ ಚೀಟಿಯ ಫೋಟೋ ಕಳಿಸಿದ. 34 ಸೆಂಟಿಮೀಟರ್.

ಕುಂಚಿಗೆ ಮುಗಿದಿದೆ. ಒಮ್ಮೆ ಒಗೆದು ನೆರಳಿಗೆ ಒಣಗಿಸಿದೆ, ಸ್ವಲ್ಪ ಕುಗ್ಗಿತು, ಹೆದರುವಷ್ಟಲ್ಲ. ಕಾಕು ಎಲ್ಲ ಸಂದಿಗೂ ಕಿರುಬೆರಳು ಹಾಕಿ ನೋಡಿ "ಚಾಲೇಲ್", ಅಂದರೆ ನಡೆಯುತ್ತದೆ, ಅಂದರು. ಅವರ ಬಾಯಿಂದ ಅಷ್ಟು ಬಂದರೆ ಪದಕ ಸಿಕ್ಕ ಹಾಗೆ.

ಕುಲಾವಿ ಇನ್ನೂ ಶುರುವೇ ಆಗಿಲ್ಲ. ಹದಿಮೂರನೇ ದಿನ ತೊಟ್ಟಿಲು, ಗುರುವಾರ ರಾತ್ರಿ ಹುಬ್ಬಳ್ಳಿ ಬಸ್ಸು. ಬಸ್ಸಿನಲ್ಲೇ ಮಾಡಬೇಕು. 3.5ರ ಸೂಜಿ, ಅಳತೆ ಪಟ್ಟಿ, ಎರಡು ಉಂಡೆ ಚೀಲಕ್ಕೆ ಹಾಕಿದ್ದೇನೆ. ಲಾಟ್ ನಂಬರ್ ಎರಡೆರಡು ಸಲ ನೋಡಿ, ಒಮ್ಮೆ ಬಿಸಿಲಿಗೂ ಹಿಡಿದು.