ಹಳೆ ಕಾರಿನ ರಿವರ್ಸ್ ಲೈಟ್: ಬಲ್ಬ್ ಕೊಳ್ಳುವ ಮುಂಚೆ ವೋಲ್ಟೇಜ್ ಅಳೆಯಿರಿ

ರಿವರ್ಸ್ ಲೈಟ್ ಮಂಕಾಗಿದೆ ಎಂದ ಕೂಡಲೇ ಎಲ್‌ಇಡಿ ಬಲ್ಬ್ ಹುಡುಕಲು ಹೊರಡಬೇಡಿ. ಹಳೆ ಕಾರಿನಲ್ಲಿ ಬೆಳಕು ಕಡಿಮೆಯಾಗುವುದು ಬಲ್ಬಿನಿಂದಲೇ ಅಲ್ಲ. ಕಿಲುಬು ಹಿಡಿದ ಹೋಲ್ಡರ್, ಸವೆದ ರಿವರ್ಸ್ ಸ್ವಿಚ್ (ರಿವರ್ಸ್ ಗೇರ್ ಹಾಕಿದಾಗ ಲೈಟ್ ಹೊತ್ತಿಸುವಂಥದ್ದು), ತುಕ್ಕು ಹಿಡಿದ ಅರ್ಥಿಂಗ್ (ಲೈಟಿನ ಮೈನಸ್ ಕಾರಿನ ಬಾಡಿಗೆ ಸೇರುವ ಜಾಗ), ಇವೆಲ್ಲ ಸೇರಿ ವೋಲ್ಟೇಜ್ ತಿಂದುಬಿಡುತ್ತವೆ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಕುಸಿಯುತ್ತದೆ. 13.5 ವೋಲ್ಟ್ ಬರಬೇಕಾದ ಕಡೆ 12.5 ಬಂದರೆ ಸುಮಾರು ಕಾಲು ಭಾಗ ಬೆಳಕು ಹೋಯಿತು, 11.5ಕ್ಕೆ ಇಳಿದರೆ ಶೇ. 40 ಹೋಯಿತು.

ಪರೀಕ್ಷೆ ಸುಲಭ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಇಟ್ಟು ಇಗ್ನಿಷನ್ ಆನ್ ಮಾಡಿ ರಿವರ್ಸ್ ಗೇರ್ ಹಾಕಿ. ಬಲ್ಬ್ ಉರಿಯುತ್ತಿರಲೇಬೇಕು, ಕರೆಂಟ್ ಹರಿಯದಿದ್ದರೆ ದೋಷ ಮೀಟರಿನಲ್ಲಿ ಕಾಣುವುದಿಲ್ಲ. ಮಲ್ಟಿಮೀಟರಿನ ಕಪ್ಪು ತಂತಿಗೆ ಉದ್ದನೆ ವೈರ್ ಸೇರಿಸಿ ಬ್ಯಾಟರಿಯ ಮೈನಸ್‌ಗೆ, ಕೆಂಪನ್ನು ಹೋಲ್ಡರಿನ ಲೋಹದ ಕವಚಕ್ಕೆ ಮುಟ್ಟಿಸಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ. ಅರ್ಥ್ ಸ್ಕ್ರೂ ಬಿಚ್ಚಿ, ಬಾಡಿಯ ಲೋಹ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿ ಮಾಡಿ. ಹಾಗೆಯೇ ಬ್ಯಾಟರಿ ಪ್ಲಸ್‌ಗೂ ಬಲ್ಬಿನ ಪ್ಲಸ್ ಟರ್ಮಿನಲ್‌ಗೂ ನಡುವೆ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಅನುಮಾನ ಗೇರ್‌ಬಾಕ್ಸ್ ಮೇಲಿನ ಸ್ವಿಚ್ಚಿನ ಮೇಲೆ. ಅದರ ಕನೆಕ್ಟರ್ ಕಳಚಿ, ಎರಡು ವೈರ್‌ಗಳನ್ನು ತಂತಿಯಿಂದ ಜೋಡಿಸಿ ನೋಡಿ. ಲೈಟ್ ಪ್ರಖರವಾದರೆ ಸ್ವಿಚ್ ಬದಲಿಸಿ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಸ್ವಿಚ್ ಬಿಚ್ಚಿದೊಡನೆ ಆಯಿಲ್ ಸುರಿಯುತ್ತದೆ, ಕೆಳಗೆ ತಟ್ಟೆ ಇಟ್ಟುಕೊಳ್ಳಿ, ವಾಷರ್ ಹೊಸದು ಹಾಕಿ.

ಈಗ ಬಲ್ಬ್. ಹಳೆಯದರ ಬುಡದಲ್ಲಿರುವ ಗುರುತು ಓದಿ. ಪಿ21ಡಬ್ಲ್ಯೂ ಆದರೆ ಎದುರುಬದುರು ಎರಡು ಪಿನ್, ಅಡಿಯಲ್ಲಿ ಒಂದೇ ಕಾಂಟ್ಯಾಕ್ಟ್. ಡಬ್ಲ್ಯೂ16ಡಬ್ಲ್ಯೂ ಆದರೆ ಗಾಜಿನ ಚಪ್ಪಟೆ ಬುಡ. ಅದೇ ಬುಡಕ್ಕೆ ಕೂರುತ್ತದೆಂದು 50 ವಾಟಿನ ಹ್ಯಾಲೊಜೆನ್ ಹಾಕುವುದು ಅಪಾಯ. 21 ವಾಟಿನ ಎರಡು ಬಲ್ಬ್ ಸೇರಿ ಎಳೆಯುವುದೇ 3.5 ಆಂಪಿಯರ್ ಆಸುಪಾಸು. ಅದರ ಎರಡು ಪಟ್ಟಿಗಿಂತ ಹೆಚ್ಚು ಕರೆಂಟ್ ಹರಿದರೆ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಡುತ್ತದೆ, ಪ್ಲಾಸ್ಟಿಕ್ ಲೆನ್ಸ್ ಕರಗುತ್ತದೆ.

ಎಲ್‌ಇಡಿಯೇ ಸರಿಯಾದ ದಾರಿ, ಆದರೆ ಬೆಳಕು ಕೊಡುವ ಚಿಪ್ ಎಲ್ಲಿದೆ ಎನ್ನುವುದನ್ನು ನೋಡಿ ಆರಿಸಬೇಕು. ತುದಿಯಲ್ಲಷ್ಟೇ ಚಿಪ್ ಇರುವ ಬಲ್ಬ್ ನೇರ ಲೆನ್ಸ್‌ಗೆ ಬೆಳಕು ಚೆಲ್ಲುತ್ತದೆ, ಬಲ್ಬಿನ ಹಿಂದಿನ ಹೊಳೆಯುವ ರಿಫ್ಲೆಕ್ಟರ್ ಖಾಲಿ ಉಳಿಯುತ್ತದೆ. ಹಿಂದೆ ನಿಂತವರ ಕಣ್ಣು ಕುಕ್ಕುತ್ತದೆ, ನೆಲ ಮಾತ್ರ ಕತ್ತಲೆ. ಸುತ್ತಲೂ ಚಿಪ್ ಇದ್ದು, ಅವು ಹಳೆ ಫಿಲಮೆಂಟ್ ಇದ್ದ ಎತ್ತರಕ್ಕೇ ಬರುವಂಥದ್ದು ಬೇಕು. ಹಳೆ ಬಲ್ಬ್, ಹೊಸ ಬಲ್ಬ್ ಎರಡನ್ನೂ ಅಕ್ಕಪಕ್ಕ ಹಿಡಿದು ಹೋಲಿಸಿ. ಪೆಟ್ಟಿಗೆಯ ಮೇಲಿನ ‘100 ವಾಟ್’ ನಂಬಬೇಡಿ. ಮೀಟರಿನಲ್ಲಿ 0.5 ಆಂಪಿಯರ್ ತೋರಿಸುವ ಬಲ್ಬ್ ಬಳಸುವುದು ಸುಮಾರು 7 ವಾಟ್, ಒಳ್ಳೆಯ ಚಿಪ್ ಇದ್ದರೆ ಅಷ್ಟು ಸಾಕು. ಬಣ್ಣ ಬಿಳಿಯೇ ಇರಲಿ, 5000 ಕೆಲ್ವಿನ್ ಆಸುಪಾಸು. ನೀಲಿ ಛಾಯೆ ಬೇಡ. ಎಲ್‌ಇಡಿ ಹಾಕಲು ನಿಮ್ಮಲ್ಲಿನ ವಾಹನ ನಿಯಮ ಒಪ್ಪುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಿ.

ಚಪ್ಪಟೆ ಬುಡದ ಎಲ್‌ಇಡಿ ಉರಿಯದಿದ್ದರೆ ಕೆಟ್ಟಿದೆ ಎಂದುಕೊಳ್ಳುವ ಮುನ್ನ ತಿರುಗಿಸಿ ಹಾಕಿ, ಪ್ಲಸ್ ಮೈನಸ್ ಅದಲುಬದಲಾಗಿರಬಹುದು. ಬಲ್ಬ್ ಸುಟ್ಟರೆ ಎಚ್ಚರಿಸುವ ವ್ಯವಸ್ಥೆ ಇಲ್ಲದ ಹಳೆ ಕಾರಿಗೆ ಲೋಡ್ ರೆಸಿಸ್ಟರ್ (ಎಲ್‌ಇಡಿಯೂ ಹಳೆ ಬಲ್ಬಿನಷ್ಟೇ ಕರೆಂಟ್ ಎಳೆಯುವಂತೆ ತೋರಿಸಲು ಹಾಕುವ ರೆಸಿಸ್ಟರ್) ಬೇಕಾಗಿಲ್ಲ. 6 ಓಮ್‌ನದೊಂದು ರೆಸಿಸ್ಟರ್ 30 ವಾಟ್ ಬರಿ ಶಾಖ ಮಾಡುತ್ತದೆ. ಹಾಕಲೇಬೇಕಾದರೆ ಲೋಹದ ಬಾಡಿಗೆ ಕೂರಿಸಿ, ಪ್ಲಾಸ್ಟಿಕ್ಕಿಗೆ ಅಂಟಿಸಬೇಡಿ.

ಲೆನ್ಸ್ ಒಳಗಿನ ಧೂಳನ್ನು ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ರಿಫ್ಲೆಕ್ಟರನ್ನು ಮಾತ್ರ ಉಜ್ಜಬೇಡಿ, ಬೆಳ್ಳಿ ಬಣ್ಣದ ಲೇಪ ಬಟ್ಟೆಯ ಜೊತೆಗೇ ಎದ್ದು ಬರುತ್ತದೆ. ಲೇಪ ಆಗಲೇ ಉದುರಿಹೋಗಿದ್ದರೆ ಯಾವ ಬಲ್ಬ್ ಹಾಕಿದರೂ ಪ್ರಯೋಜನವಿಲ್ಲ, ಲ್ಯಾಂಪನ್ನೇ ಬದಲಿಸಬೇಕು.